ಅಕ್ರಮ ಬಂದೂಕು ಪ್ರಕರಣ: ಪೊಲೀಸರಿಗೂ ಅಭಿಯೋಜಕರಿಗೂ ಜಂಟಿ ತರಬೇತಿ ನಡೆಸುವ ಬಗೆ

ತನಿಖಾಧಿಕಾರಿಗಳನ್ನೂ ಸರ್ಕಾರಿ ಅಭಿಯೋಜಕರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಖುಲಾಸೆಯಲ್ಲಿ ಮುಗಿದ ಹಳೆಯ ಪ್ರಕರಣವೊಂದರ ಕಡತದಿಂದಲೇ ಪಾಠ ಆರಂಭಿಸಿ. ಕಲಮುಗಳನ್ನು ಓದಿ ಹೇಳುವ ಉಪನ್ಯಾಸ ಯಾರ ತಲೆಯಲ್ಲೂ ಉಳಿಯುವುದಿಲ್ಲ.

ಹೆಚ್ಚಿನ ಸಮಯ ಜಪ್ತಿಗೆ ಮೀಸಲಿರಲಿ. ನಾಡಬಂದೂಕನ್ನು ಮೊದಲು ಸುರಕ್ಷಿತವಾಗಿ ಖಾಲಿ ಮಾಡುವುದು, ಪಂಚರ ಸಮಕ್ಷಮದಲ್ಲಿ ನಳಿಕೆಯ ಉದ್ದ, ಕುದುರೆಯ (ಟ್ರಿಗರ್‌ನ) ಸ್ಥಿತಿ, ಗುರುತುಗಳನ್ನು ಮಹಜರಿನಲ್ಲಿ ಬರೆಯುವುದು, ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿ ಮಾದರಿ ಮುದ್ರೆಯನ್ನು ಉಳಿಸಿಕೊಳ್ಳುವುದು, ಇವನ್ನು ಪ್ರತಿಯೊಬ್ಬರೂ ಕೈಯಾರೆ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯ ಧ್ವನಿ-ದೃಶ್ಯ ಚಿತ್ರೀಕರಣವನ್ನು ಕಡ್ಡಾಯಗೊಳಿಸಿರುವುದರಿಂದ, ಈ ಅಭ್ಯಾಸವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ, ಅದರ ಮೇಲೆ ಅಭಿಯೋಜಕರಿಂದಲೇ ಪಾಟೀಸವಾಲು ಮಾಡಿಸಿ. ಆಮೇಲೆ ಮುದ್ರೆ ಯಾರ ವಶದಲ್ಲಿತ್ತು ಎಂಬ ಪ್ರಶ್ನೆಗೇ ತಡವರಿಸುವವರು ಕಡಿಮೆಯೇನಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 39ನೇ ಕಲಮಿನ ಪ್ರಕಾರ, ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡ ಅಪರಾಧಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯದೆ ಮೊಕದ್ದಮೆ ಹೂಡುವಂತಿಲ್ಲ. ಆದ್ದರಿಂದ ಆಯುಧ ಬಳಕೆಗೆ ಯೋಗ್ಯವಾಗಿದೆಯೇ ಎಂಬ ವಿಧಿವಿಜ್ಞಾನ ಪ್ರಯೋಗಾಲಯದ ವರದಿಯನ್ನು ಲಗತ್ತಿಸಿ ಅನುಮತಿಯ ಪ್ರಸ್ತಾವ ಬರೆಯುವುದನ್ನು ಕಲಿಸಿ. ಕೊಡಗಿನಲ್ಲಾದರೆ, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಮೊದಲೇ ವಿವರಿಸಬೇಕು.

ಬಂದೂಕು ಹಿಡಿದು ಸಿಕ್ಕಿಬಿದ್ದವನಲ್ಲಿಗೇ ತನಿಖೆ ನಿಂತರೆ ಊರಿನಲ್ಲಿ ಗುಂಡಿನ ಸದ್ದು ಕಡಿಮೆಯಾಗದು. ಅದನ್ನು ತಯಾರಿಸಿದವರು, ಮಾರಿದವರು, ತೋಟಾ ಒದಗಿಸಿದವರನ್ನು ಪತ್ತೆಹಚ್ಚುವ ಪ್ರಶ್ನಾವಳಿಯೊಂದನ್ನು ಪೊಲೀಸರೂ ಅಭಿಯೋಜಕರೂ ಸೇರಿ ಅಲ್ಲಿಯೇ ಸಿದ್ಧಪಡಿಸಲಿ.