ಶೇಷವೇ ಉತ್ತರ: ಶಾಸನದ ಇಸವಿ ಹಿಡಿದು ಏಳನೇ ಕ್ಲಾಸಿಗೆ ಭಾಗಾಕಾರ ಕಲಿಸಿದ ನನ್ನ ಅನುಭವ

ಶಾಸನದ ಇಸವಿ ಹಿಡಿದು ಮಕ್ಕಳಿಗೆ ಶೇಷ ಅಂದರೇನು ಅಂತ ಅರ್ಥ ಮಾಡಿಸೋಕೆ ಮೂರು ವರ್ಷ ಬೇಕಾಯಿತು. ಮೊದಲ ಎರಡು ವರ್ಷ ದುಡ್ಡೂ ಹೋಯಿತು, ಸಮಯವೂ ಹೋಯಿತು. ಸ್ಟಾಫ್ ರೂಮಿನಲ್ಲಿ "ಚರಿತ್ರೆಗೂ ಲೆಕ್ಕಕ್ಕೂ ಏನ್ ಸಾರ್ ಸಂಬಂಧ, ಪೋರ್ಷನ್ ಮುಗಿಸಿ ಸಾಕು" ಅಂದವರೇ ಜಾಸ್ತಿ. ಈ ಸಲ ಪ್ರಾಜೆಕ್ಟ್ ಮುಗಿದ ಮೇಲೆ ಹೇಳದೆ ಕೇಳದೆ ಒಂದು ಭಾಗಾಕಾರದ ಟೆಸ್ಟ್ ಕೊಟ್ಟೆ. 41 ಮಕ್ಕಳಲ್ಲಿ 35ರ ಮೇಲೆ ಶೇಷ ಸರಿಯಾಗಿ ಬರೆದಿದ್ದರು. ಜೂನ್‌ನಲ್ಲಿ ಅದೇ ಮಕ್ಕಳಲ್ಲಿ 14-15 ಜನ ಬರೆದಿದ್ದರೆ ಹೆಚ್ಚು. ಹೀಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಉತ್ತರ ಭಾಗದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಗಣಿತ, ಪಕ್ಕದ ಕ್ಲಾಸಿನ ಮೇಡಂ ಸಮಾಜ ವಿಜ್ಞಾನ. ಅವರು ಜೊತೆಗೆ ನಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಕಾಲರೇಖೆ. ಸಂಖ್ಯಾರೇಖೆಯ ಮೇಲೆ ಕ್ರಿಸ್ತಪೂರ್ವವನ್ನು ಋಣ ಸಂಖ್ಯೆ ಮಾಡಿ, ಕ್ರಿಸ್ತಶಕವನ್ನು ಧನ ಸಂಖ್ಯೆ ಮಾಡಿ ಪೂರ್ಣಾಂಕಗಳ ಪಾಠ ಮುಗಿಸಿಬಿಡೋಣ ಅಂತ. ಇಸವಿಯಲ್ಲಿ ಸೊನ್ನೆ ಇಲ್ಲ, ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1. ಸಂಖ್ಯಾರೇಖೆಯಲ್ಲಿ ಸೊನ್ನೆ ಇದೆ. ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವ ಪ್ರತಿ ವ್ಯವಕಲನದಲ್ಲೂ ಒಂದು ವರ್ಷ ಹೆಚ್ಚು ಬರುತ್ತಿತ್ತು, ಅದನ್ನು ಸರಿಮಾಡಲು ಹೋಗಿ ಮಕ್ಕಳಿಗೆ ಬರುತ್ತಿದ್ದ ಪೂರ್ಣಾಂಕವೂ ಕೆಟ್ಟಿತು. ಚಾರ್ಟು, ಕಲರ್ ಪ್ರಿಂಟು ಸೇರಿ ಎರಡು ಸಾವಿರದ ಹತ್ತಿರ ಖರ್ಚು. ಅರ್ಧ ಮಕ್ಕಳು ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪ್ರಾಜೆಕ್ಟ್ ತಂದುಕೊಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಂಟಿಸುವುದು ಬಿಟ್ಟು ಅವರಿಗೆ ನಾನು ಬೇರೆ ಕೆಲಸವನ್ನೇ ಕೊಟ್ಟಿರಲಿಲ್ಲ.

ಎರಡನೇ ವರ್ಷ ನಿಜವಾದ ಕಲ್ಲನ್ನೇ ತೋರಿಸೋಣ ಅಂತ ಬಸ್ ಮಾಡಿಸಿ ಬೇಗೂರಿಗೆ ಕರೆದುಕೊಂಡು ಹೋದೆ. ಬೆಂಗಳೂರಿನ ಹೆಸರು ಇರುವ ಶಾಸನ, "ಬೆಂಗಳೂರು ಕಾಳಗ" ಅನ್ನುವ ಮಾತು ಇರುವ ಕಲ್ಲು. ಬಸ್ಸಿಗೆ 9 ಸಾವಿರ ಚಿಲ್ಲರೆ, ಊಟಕ್ಕೆ ಒಂದೂವರೆ ಸಾವಿರ. ಪೋಷಕರು ಮಗುವಿಗೆ ನೂರರಂತೆ ಕೊಟ್ಟರು, ಉಳಿದಿದ್ದು ನನ್ನ ಜೇಬಿನದು. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ನೋಟ್‌ಬುಕ್ ತೆಗೆದು ಲೆಕ್ಕ ಮಾಡೋಣ ಅಂದರೆ ಅಲ್ಲಿ ಇಸವಿಯೇ ಇಲ್ಲ! ಅದು ಸುಮಾರು 890ರದ್ದು ಅಂತ ವಿದ್ವಾಂಸರು ಲಿಪಿ ಮತ್ತು ಅರಸರ ಕಾಲ ನೋಡಿ ಹೇಳಿದ್ದು. ನಮ್ಮ ಹತ್ತಿರದ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲೂ ಹಾಗೇ, ಗಂಗ ಅರಸ ಶ್ರೀಪುರುಷನ ಆಳ್ವಿಕೆ ಅಂತ ಇರುವುದರಿಂದ ಸುಮಾರು 750 ಅಂತ ಲೆಕ್ಕ. ಗಣಿತದ ಪ್ರಾಜೆಕ್ಟಿಗೆ ಸಂಖ್ಯೆ ಇರುವ ಕಲ್ಲು ಬೇಕು ಅನ್ನುವುದು ನನಗೆ ಹತ್ತು ಸಾವಿರ ಕಳೆದ ಮೇಲೆ ಗೊತ್ತಾಯಿತು. ನೀವು ಆ ತಪ್ಪು ಮಾಡಬೇಡಿ. ಶಕ ವರ್ಷವೂ ಸಂವತ್ಸರದ ಹೆಸರೂ (60 ಹೆಸರು, ಮುಗಿದ ಮೇಲೆ ಮತ್ತೆ ಮೊದಲಿಂದ) ಎರಡೂ ಇರುವ ಶಾಸನ ಆರಿಸಿಕೊಳ್ಳಿ. ವಿಜಯನಗರ ಕಾಲದ್ದಾದರೆ ಧಾರಾಳವಾಗಿ ಸಿಗುತ್ತವೆ.

ಎಲ್ಲಿ ಸಿಗುತ್ತವೆ ಅಂದರೆ, ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ, 1905ರದ್ದು. ಬೆಂಗಳೂರು ಜಿಲ್ಲೆಯದ್ದೆಲ್ಲ ಅದರಲ್ಲಿದೆ, ನೆಟ್‌ನಲ್ಲಿ ಫ್ರೀ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಸುತ್ತಮುತ್ತಲ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿದ್ದಾರೆ, ಅದನ್ನು ಕಂಪ್ಯೂಟರ್‌ನಲ್ಲಿ ತಿರುಗಿಸಿ ನೋಡಿದರೆ ಮಕ್ಕಳು ಅಕ್ಷರಕ್ಕೆ ಅಂಟಿಕೊಂಡುಬಿಡುತ್ತಾರೆ. ಮೇಡಂ ಮತ್ತು ನಾನು ಎರಡು ಭಾನುವಾರ ಕೂತು 24 ಶಾಸನ ಆರಿಸಿ ಕಾರ್ಡು ಮಾಡಿದೆವು. ಇಸವಿ ಬರುವ ಸಾಲು ಮಾತ್ರ, ದೊಡ್ಡ ಅಕ್ಷರದಲ್ಲಿ. ಜೆರಾಕ್ಸು, ಲ್ಯಾಮಿನೇಷನ್ ಸೇರಿ ನಾನೂರು ರೂಪಾಯಿ ಆಗಿರಬಹುದು.

ಮೂರನೇ ವರ್ಷವೂ ಶುರುವಿನಲ್ಲಿ ಎಡವಿದೆ. ಸೂತ್ರವನ್ನು ಬೋರ್ಡಿನ ಮೇಲೆ ಬರೆದುಬಿಟ್ಟೆ: ಶಕ ವರ್ಷಕ್ಕೆ 12 ಕೂಡಿಸು, 60ರಿಂದ ಭಾಗಿಸು, ಶೇಷ ಎಷ್ಟೋ ಅಷ್ಟನೇ ಸಂವತ್ಸರ. ಮಕ್ಕಳು ಬಾಯಿಪಾಠ ಮಾಡಿದರು. ಒಬ್ಬನಿಗೂ ಯಾಕೆ ಅಂತ ಗೊತ್ತಿಲ್ಲ. ಭಾಗಲಬ್ಧ ಬರೆದು ಅದೇ ಸಂವತ್ಸರ ಅಂದವರು ಹತ್ತು ಜನ. ಒಂದು ವಾರ ಸುಮ್ನೆ ಹೋಯಿತು.

ಆಮೇಲೆ ಬೋರ್ಡ್ ಒರೆಸಿ ಮಕ್ಕಳನ್ನು ಗ್ರೌಂಡಿಗೆ ಇಳಿಸಿದೆ. ನಡುವೆ ಗೂಟ ಹೊಡೆದು, ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ದೊಡ್ಡ ವೃತ್ತ. ಅದೇ ಹಗ್ಗವನ್ನು ಬಿಗಿಯಾಗಿ ಎಳೆದು ಪರಿಧಿಯ ಒಂದು ಗುರುತಿನಿಂದ ಇನ್ನೊಂದಕ್ಕೆ ನೇರವಾಗಿ ಇಡುತ್ತಾ ಹೋದರೆ ಸರಿಯಾಗಿ ಆರು ಸಲ ಬರುತ್ತದಲ್ಲ, ಆ ಆರು ಭಾಗವನ್ನು ಹತ್ತತ್ತು ಮಾಡಿ 60 ಗುರುತು. ಒಂದೊಂದಕ್ಕೆ 6 ಡಿಗ್ರಿ. ಪ್ರಭವದಿಂದ ಅಕ್ಷಯದವರೆಗೆ ಹೆಸರು ಬರೆದ ರಟ್ಟು ಇಟ್ಟೆವು. ಸುಣ್ಣದ ಪುಡಿ 150 ರೂಪಾಯಿ. ಮೂರನೇ ದಿನ ಮಳೆ ಬಂದು ತೊಳೆದುಹೋಯಿತು, ಮತ್ತೆ ಹಾಕಿದೆವು. ಮುಂದಿನ ಸಲ ಒಂದು ಡಬ್ಬಿ ಪೇಂಟ್ ತರಿಸುತ್ತೇನೆ.

ಆಗ ನಡೆಯುತ್ತಿದ್ದಿದ್ದು 2025, ವಿಶ್ವಾವಸು, 39ನೆಯದು. ಒಬ್ಬ ಹುಡುಗನನ್ನು ಆ ರಟ್ಟಿನ ಮೇಲೆ ನಿಲ್ಲಿಸಿ "ಕೆಂಪೇಗೌಡರು ಬೆಂಗಳೂರು ಕಟ್ಟಿದ 1537ಕ್ಕೆ ಹೋಗು" ಅಂದೆ. 488 ಹೆಜ್ಜೆ ಹಿಂದಕ್ಕೆ. ಹೊರಟ. ಎಲ್ಲರೂ ಜೋರಾಗಿ ಎಣಿಸುತ್ತಿದ್ದಾರೆ. ಒಂದು ಸುತ್ತು ಮುಗಿಸಿ ಮತ್ತೆ ವಿಶ್ವಾವಸುವಿಗೆ ಬಂದವನು ಅಲ್ಲೇ ನಿಂತುಬಿಟ್ಟ. "ಸಾರ್, ಇನ್ನೂ ಏಳು ಸಲ ಇಲ್ಲಿಗೇ ಬರ್ತೀನಿ ಅಲ್ವಾ? ಸುಮ್ನೆ ಯಾಕೆ ಸುತ್ತಬೇಕು? ಕೊನೇ ಎಂಟು ಹೆಜ್ಜೆ ಹಾಕಿದ್ರೆ ಸಾಕು." ಎಂಟು ಹೆಜ್ಜೆ ಹಾಕಿದ. ಹೇವಿಳಂಬಿ. 31.

ಅವನು ಭಾಗಾಕಾರದಲ್ಲಿ ಯಾವತ್ತೂ ಪಾಸಾಗದ ಹುಡುಗ. ನನ್ನ ಇಪ್ಪತ್ತು ವರ್ಷದ ಮೇಷ್ಟ್ರು ಕೆಲಸದಲ್ಲಿ ಶೇಷ ಅಂದರೆ ಏನು ಅಂತ ಅಷ್ಟು ಚೆನ್ನಾಗಿ ಹೇಳಿದವರನ್ನು ನೋಡಿಲ್ಲ. ನಾವು ಕ್ಲಾಸಿನಲ್ಲಿ ಭಾಗಲಬ್ಧಕ್ಕೆ ಮಾರ್ಕ್ಸ್ ಕೊಟ್ಟು ಕೊಟ್ಟು, ಶೇಷ ಅಂದರೆ ಉಳಿದ ಕಸ ಅನ್ನೋ ಹಾಗೆ ಮಾಡಿಬಿಟ್ಟಿದ್ದೇವೆ. ಇಲ್ಲಿ ಎಂಟು ಸುತ್ತು ಯಾರಿಗೂ ಬೇಡ. ಎಂಟು ಹೆಜ್ಜೆಯೇ ಬೇಕು.

ಅವತ್ತೇ ಒಬ್ಬಳು ಎದ್ದು ಹೇಳಿದಳು: ಅವಳ ತಮ್ಮ 2017ರ ಶ್ರಾವಣದಲ್ಲಿ ಹುಟ್ಟಿದ್ದು, ಅದೂ ಹೇವಿಳಂಬಿ, ಹಾಗಾಗಿ ಅವನೂ ಬೆಂಗಳೂರೂ ಒಂದೇ ಸಂವತ್ಸರ. 480ನ್ನು 60ರಿಂದ ಭಾಗಿಸಿ ಶೇಷ ಸೊನ್ನೆ ಅಂತ ಬೋರ್ಡಿನ ಮೇಲೆ ತಾನೇ ತೋರಿಸಿದಳು.

ಮುಂದಿನ ತೊಂದರೆ 78. ಶಕಕ್ಕೆ 78 ಕೂಡಿಸಿದರೆ ಇಸವಿ ಅಂತ ಎಲ್ಲ ಗೈಡಿನಲ್ಲೂ ಇದೆ. ತಾಳೀಕೋಟೆ ಯುದ್ಧ 1565, ಅದರಲ್ಲಿ 78 ಕಳೆದರೆ ಶಕ 1487, ಕ್ರೋಧನ. ಆದರೆ ಆ ಯುದ್ಧ ನಡೆದಿದ್ದು ರಕ್ತಾಕ್ಷಿಯಲ್ಲಿ. ಮೇಡಂ ಒಂದು ಕಡೆ, ನಾನು ಒಂದು ಕಡೆ, ಎರಡು ದಿನ ತಲೆ ಕೆಡಿಸಿಕೊಂಡೆವು. ಯುದ್ಧ ಆಗಿದ್ದು ಜನವರಿಯಲ್ಲಿ, ಯುಗಾದಿ ಇನ್ನೂ ಬಂದಿಲ್ಲ! ಜನವರಿಯಿಂದ ಯುಗಾದಿವರೆಗೆ 79 ಹಿಡಿಯಬೇಕು. ಶಕ 1486, ಅದಕ್ಕೆ 12 ಕೂಡಿಸಿದರೆ 1498, ಶೇಷ 58, ರಕ್ತಾಕ್ಷಿ. ಪುಷ್ಯ, ಮಾಘ, ಫಾಲ್ಗುಣ ಅಂತ ಕಂಡ ತಕ್ಷಣ ಮಕ್ಕಳು ಕಾರ್ಡಿಗೆ ಕೆಂಪು ಚುಕ್ಕೆ ಇಡುವ ಪದ್ಧತಿ ಆಮೇಲೆ ಬಂತು. ಇದಾದ ಮೇಲೂ ಕೆಲವು ಶಾಸನ ಒಂದು ವರ್ಷ ಆಚೀಚೆ ಬರುತ್ತವೆ, ಮುಗಿದ ಶಕ ವರ್ಷದ ಲೆಕ್ಕ ಹೇಳಿದ್ದಾರೋ ನಡೆಯುತ್ತಿರುವ ವರ್ಷದ ಲೆಕ್ಕ ಹೇಳಿದ್ದಾರೋ ಅನ್ನುವ ಗೊಂದಲ. ಅವನ್ನು ತಪ್ಪು ಅನ್ನಬೇಡಿ, ಬೇರೆ ಗುಂಪು ಮಾಡಿ ಇಡಿ.

ಈಗ ನನಗೆ ಬಹಳ ಇಷ್ಟವಾದ ಭಾಗ. ಒಂದು ಕಾರ್ಡಿನಲ್ಲಿ ಬೇಕಂತಲೇ ಒಂದು ಅಂಕಿ ಅಳಿಸಿದೆ, ಕಲ್ಲು ಸವೆದ ಹಾಗೆ. "ಶಕ ವರುಷ 14_6ನೆಯ ರಕ್ತಾಕ್ಷಿ ಸಂವತ್ಸರ". ಸೊನ್ನೆಯಿಂದ ಒಂಬತ್ತರವರೆಗೆ ಹಾಕಿ ನೋಡಿದರು. ಎರಡು ಉತ್ತರ ಬಂತು: 1426, 1486. ಎರಡೂ ರಕ್ತಾಕ್ಷಿಯೇ, ನಡುವೆ 60 ವರ್ಷ. ಒಂದು ಗುಂಪು ಇದು ಸರಿ ಅಂತ, ಇನ್ನೊಂದು ಗುಂಪು ಅದು ಸರಿ ಅಂತ ಜಗಳ. ಲೆಕ್ಕ ಇಬ್ಬರದ್ದೂ ಸರಿ. ಆಗ ಮೇಡಂ ಎದ್ದು ಕಾರ್ಡಿನ ಮುಂದಿನ ಸಾಲು ಓದಿಸಿದರು: ಸದಾಶಿವರಾಯರು ರಾಜ್ಯವಾಳುತ್ತಿರಲು. ವಿಜಯನಗರದ ಸದಾಶಿವರಾಯ ಪಟ್ಟಕ್ಕೆ ಬಂದಿದ್ದು 1542ರ ಸುಮಾರಿಗೆ. 1426 ಅಂದರೆ 1504, ಆಗ ಕೃಷ್ಣದೇವರಾಯನೇ ಇನ್ನೂ ಪಟ್ಟಕ್ಕೆ ಬಂದಿಲ್ಲ. ಹಾಗಾಗಿ 1486. ಏನ್ ಸಂಬಂಧ ಅಂತ ಕೇಳಿದ್ದ ಸ್ಟಾಫ್ ರೂಮಿನವರು ಇಬ್ಬರು ಅವತ್ತು ಬಾಗಿಲಲ್ಲೇ ನಿಂತು ಪೂರ್ತಿ ಪೀರಿಯಡ್ ನೋಡಿದರು.

ಆ ಕಾರ್ಡಿನ ಹಿಂದೆ ಬರೆದಿದ್ದ ಸುಳಿವನ್ನು ಇಲ್ಲಿ ಹೇಳುವುದಿಲ್ಲ, ಮುಂದಿನ ಬ್ಯಾಚಿನ ಮಕ್ಕಳ ಅಣ್ಣ ಅಕ್ಕಂದಿರು ಓದಿಬಿಡುತ್ತಾರೆ. ತಿಥಿ ಮತ್ತು ವಾರ ಹಿಡಿದು ಮಾಡುವ ಮೂರನೇ ಚೆಕ್ ಕೂಡ ಇದೆ, ಅದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಬೇರೆ ಬೇರೆ ಕಡೆ ಹೋದೆವು. ಒಬ್ಬ ಹುಡುಗ ಮನೆಯ ಕ್ಯಾಲೆಂಡರ್ ತಂದು "ನಮ್ದು 1447 ನಡೀತಿದೆ ಸಾರ್, ಇದಕ್ಕೂ ಸೂತ್ರ ಇದೆಯಾ" ಅಂದ. ಹಿಜರಿ ವರ್ಷಕ್ಕೆ ಸುಮಾರು 354 ದಿನ, 365ರಿಂದ ಭಾಗಿಸಿದರೆ 0.97. 1447ನ್ನು 0.97ರಿಂದ ಗುಣಿಸಿ, ಹಿಜರಿ ಶುರುವಾದ ಇಸವಿ 622 ಕೂಡಿಸಿದರೆ 2025.6. ದಶಮಾಂಶದ ಪಾಠಕ್ಕೆ ಅದಕ್ಕಿಂತ ಒಳ್ಳೆ ಲೆಕ್ಕ ಬೇಕಾ? ಅಂಕಿಯ ಬದಲು ಪದ ಬಳಸುವ ಭೂತಸಂಖ್ಯೆಯನ್ನೂ ಪ್ರಯತ್ನಿಸಿದೆವು, ಗ್ರಹ ಅಂದರೆ 9, ಬಾಣ ಅಂದರೆ 5, ವೇದ ಅಂದರೆ 4, ಚಂದ್ರ ಅಂದರೆ 1, ಬಲದಿಂದ ಎಡಕ್ಕೆ ಓದಬೇಕು. "ಗ್ರಹ ಬಾಣ ವೇದ ಚಂದ್ರ" ಅಂದರೆ 1459, ಅದೇ ನಮ್ಮ ಕೆಂಪೇಗೌಡರ ಶಕ. ಮಕ್ಕಳು ಅಪ್ಪನ ಫೋನ್ ನಂಬರನ್ನೆಲ್ಲ ಪದ್ಯ ಮಾಡಿಕೊಂಡು ಬಂದರು. ಖಂಡುಗಕ್ಕೆ 20 ಕೊಳಗ ಅಂತ ಹಿಡಿದು ಜಮೀನಿನ ಅಳತೆಗೂ ಕೈ ಹಾಕಿದೆ, ಅದು ಕೆಟ್ಟಿತು. ಅಷ್ಟು ಬೀಜ ಬಿತ್ತುವಷ್ಟು ನೆಲ ಅನ್ನುವ ಅಳತೆ ಅದು, ಗದ್ದೆಗೆ ಒಂದು, ಹೊಲಕ್ಕೆ ಒಂದು. ಬಿಟ್ಟೆ.

ಕೊನೆಗೆ ನಡೆದೇ ಹೋಗಬಹುದಾದ ಹಳೇ ಊರಿನ ಗುಡಿಯ ಕಲ್ಲಿಗೆ ಕರೆದುಕೊಂಡು ಹೋದೆವು. ಬಸ್ ಖರ್ಚಿಲ್ಲ. ಮೇಲೆಲ್ಲ ಸುಣ್ಣ ಬಳಿದಿದ್ದರು, ನೇರ ನೋಡಿದರೆ ಒಂದಕ್ಷರ ಕಾಣುವುದಿಲ್ಲ. ಕಲ್ಲನ್ನು ಉಜ್ಜಬೇಡಿ, ಬ್ರಷ್ ಹಾಕಲೇಬೇಡಿ. 180 ರೂಪಾಯಿಯ ಒಂದು ಕನ್ನಡಿ ತಗೊಂಡು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಕಲ್ಲಿನ ಮೇಲೆ ಹಾಯಿಸಿ. ಹಳ್ಳದಲ್ಲಿ ನೆರಳು ಕೂತು ಅಕ್ಷರ ಎದ್ದು ಬರುತ್ತದೆ. ೬ ಮತ್ತು ೯ ಅದಲು ಬದಲಾಗಿ ಓದಿದ ಗುಂಪಿಗೆ ಶೇಷ ಮೂರು ಆಚೆ ಹೋಯಿತು, ಸಂವತ್ಸರ ಹೊಂದಲಿಲ್ಲ, ತಾವೇ ವಾಪಸ್ ಹೋಗಿ ಕಲ್ಲು ನೋಡಿ ತಿದ್ದಿಕೊಂಡರು. ನಾನು ಬಾಯಿ ಬಿಡಲಿಲ್ಲ.

ಮೂರನೇ ವರ್ಷದ ಒಟ್ಟು ಖರ್ಚು 700-750 ರೂಪಾಯಿ. ಹನ್ನೊಂದು ಪೀರಿಯಡ್.

ಮುಗಿದ ಮೇಲೆ ಒಬ್ಬಳು ಅಜ್ಜಿಯನ್ನೇ ಸ್ಕೂಲಿಗೆ ಕರೆದುಕೊಂಡು ಬಂದಳು. ಆಧಾರ್‌ನಲ್ಲಿ ಅಜ್ಜಿ ಹುಟ್ಟಿದ್ದು 1-1-1955. ಅಜ್ಜಿಗೆ ಅವರಮ್ಮ ಹೇಳಿದ್ದು "ನೀನು ವಿಕಾರಿ ವರ್ಷದವಳು" ಅಂತ. ವಿಕಾರಿ 33ನೆಯದು. ಹುಡುಗಿ ಲೆಕ್ಕ ಮಾಡಿದ್ದಳು: 1899, 1959, 2019, ಮೂರರಲ್ಲಿ ಆಗುವುದು 1959 ಒಂದೇ. "ಸಾರ್, ನಮ್ಮಜ್ಜಿ ನಾಲ್ಕು ವರ್ಷ ಚಿಕ್ಕೋರಾದ್ರು." ಅಜ್ಜಿ ಆ ಹಾಳೆಯನ್ನು ಮಡಿಚಿ ಆಧಾರ್ ಕಾರ್ಡಿನ ಕವರಿನೊಳಗೇ ಇಟ್ಟುಕೊಂಡರು.

ಮಾಡುವುದಾದರೆ ದೀಪಾವಳಿ ಆದ ಮೇಲೆ ಶುರು ಮಾಡಿ, ಗ್ರೌಂಡ್ ಒಣಗಿರುತ್ತದೆ. ಕಾರ್ಡಿನ ಸೆಟ್ ಬೇಕಾದವರಿಗೆ ಜೆರಾಕ್ಸ್ ಕೊಡುತ್ತೇನೆ. ಹಿಂಬದಿ ಮಾತ್ರ ಖಾಲಿ ಇರುತ್ತದೆ, ಸುಳಿವು ನೀವೇ ಬರೆದುಕೊಳ್ಳಿ.