ಕೊನೆಯ ಸಾಲಿಗೂ ಒಂದು ಅಂಕ: ಇಂಗ್ಲೆಂಡಿನಲ್ಲಿ ನಾನು ಫರ್ದರ್ ಮ್ಯಾಥ್ಸ್ ಓದಿದ್ದು

2022ರ ಮೇ ತಿಂಗಳಲ್ಲಿ ನನ್ನ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ಸೆಪ್ಟೆಂಬರ್‌ ಹೊತ್ತಿಗೆ ನಾನು ಇಂಗ್ಲೆಂಡಿನ ಒಂದು ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿದ್ದೆ. ಅಮ್ಮನಿಗೆ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಹಾಸನ ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆಯಿಂದ ನೇರವಾಗಿ ಅಲ್ಲಿಗೆ ಹೋದೆ.

ಸಿಕ್ಸ್ತ್ ಫಾರ್ಮ್ ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ. 16ರಿಂದ 18 ವಯಸ್ಸಿನವರಿಗೆ ಎರಡು ವರ್ಷದ ಓದು. ಆದರೆ ಪಿಸಿಎಂಬಿ ತರಹದ ಗುಂಪುಗಳಿಲ್ಲ. ಹೆಚ್ಚಿನವರು ಮೂರು ವಿಷಯ ತಗೋತಾರೆ, ಕೆಲವರು ನಾಲ್ಕು. ನಾನು ಗಣಿತ, ಭೌತಶಾಸ್ತ್ರ ಮತ್ತು ಫರ್ದರ್ ಮ್ಯಾಥ್ಸ್ ಆರಿಸಿಕೊಂಡೆ. ಅಲ್ಲಿನ ಹತ್ತನೇ ಕ್ಲಾಸಿನ ಮಟ್ಟದ ಇಂಗ್ಲಿಷ್ ಪರೀಕ್ಷೆ ನಾನು ಬರೆದಿರಲಿಲ್ಲವಾದ್ದರಿಂದ ಅದನ್ನೂ ಜೊತೆಯಲ್ಲೇ ಓದಬೇಕಾಯಿತು.

ಫರ್ದರ್ ಮ್ಯಾಥ್ಸ್ ಅನ್ನೋದು ಗಣಿತದ ಜೊತೆಗೆ ಓದುವ ಇನ್ನೊಂದು ಪೂರ್ತಿ ವಿಷಯ. ಗಣಿತಕ್ಕೆ ಬೇರೆ ಪ್ರಮಾಣಪತ್ರ, ಇದಕ್ಕೆ ಬೇರೆ. ನಮ್ಮದು ಎಡೆಕ್ಸೆಲ್ ಬೋರ್ಡ್. ನಾಲ್ಕು ಪತ್ರಿಕೆ, ಒಂದೊಂದೂ ಒಂದೂವರೆ ಗಂಟೆ, 75 ಅಂಕ. ಎರಡು ಪತ್ರಿಕೆ ಎಲ್ಲರಿಗೂ ಒಂದೇ: ಕಾಂಪ್ಲೆಕ್ಸ್ ಸಂಖ್ಯೆ, ಮ್ಯಾಟ್ರಿಕ್ಸ್ (ಸಾಲು, ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು), ಇಂಡಕ್ಷನ್ (ಒಂದು ಮಾತು 1, 2, 3 ಹೀಗೆ ಎಲ್ಲ ಸಂಖ್ಯೆಗೂ ನಿಜ ಎಂದು ಸಾಧಿಸುವ ವಿಧಾನ), ಡಿಫರೆನ್ಷಿಯಲ್ ಸಮೀಕರಣ ಇತ್ಯಾದಿ. ಉಳಿದೆರಡು ಆಯ್ಕೆಯ ಪತ್ರಿಕೆ. ಎಲ್ಲವೂ ಎರಡನೇ ವರ್ಷದ ಕೊನೆಯಲ್ಲಿ ಒಟ್ಟಿಗೆ. ಇಂಟರ್ನಲ್ ಅಂಕ ಇಲ್ಲ.

ಮೊದಲ ವಾರ ನನಗೆ ಭಯ ಇದ್ದದ್ದು ಇಂಗ್ಲಿಷಿನದು. ಗಣಿತ ನಡೆಯುತ್ತೆ ಅಂದುಕೊಂಡಿದ್ದೆ. ಊರಲ್ಲಿ ಕ್ಯಾಲ್ಕುಲೇಟರ್ ಮುಟ್ಟದೇ ಲೆಕ್ಕ ಮಾಡಿದವನು ನಾನು. ಇಲ್ಲಿ ಎಲ್ಲ ಪತ್ರಿಕೆಗೂ ಕ್ಯಾಲ್ಕುಲೇಟರ್ ಒಯ್ಯಬಹುದು. ಸುಲಭ ಅಲ್ವಾ ಅನಿಸಿತು. ಆದರೆ ಹಲವು ಪ್ರಶ್ನೆಗಳ ಮೇಲೆ ಒಂದು ಸೂಚನೆ ಇರುತ್ತದೆ: ಕ್ಯಾಲ್ಕುಲೇಟರನ್ನೇ ನೆಚ್ಚಿಕೊಂಡ ಉತ್ತರಕ್ಕೆ ಅಂಕವಿಲ್ಲ, ಹಂತ ಹಂತವಾಗಿ ತೋರಿಸಬೇಕು. ಉತ್ತರ ಎಷ್ಟು ಅನ್ನೋದಕ್ಕಿಂತ ಯಾಕೆ ಅನ್ನೋದಕ್ಕೇ ಅಲ್ಲಿ ಬೆಲೆ.

ಇದು ನನ್ನ ತಲೆಗೆ ಹೋದದ್ದು ಇಂಡಕ್ಷನ್ ಟೆಸ್ಟ್ ಆದ ಮೇಲೆ. ಪ್ರಶ್ನೆ ಹೀಗಿತ್ತು: ಎಂಟರ ಎನ್‌ನೇ ಘಾತದಿಂದ ಮೂರರ ಎನ್‌ನೇ ಘಾತ ಕಳೆದರೆ ಬರುವ ಸಂಖ್ಯೆ ಯಾವಾಗಲೂ 5ರಿಂದ ಭಾಗವಾಗುತ್ತದೆ ಎಂದು ಸಾಧಿಸಿ. ಎನ್ ಒಂದಾದರೆ ಬರೋದು 5. ಎರಡಾದರೆ 64ರಲ್ಲಿ 9 ಹೋಗಿ 55. ಮೂರಾದರೆ 512ರಲ್ಲಿ 27 ಹೋಗಿ 485. ಹೀಗೆ ಸಾವಿರ ಸಲ ಪರೀಕ್ಷಿಸಿದರೂ ಅದು ಸಾಧನೆ ಅಲ್ಲ. ಒಂದು ಎನ್‌ಗೆ ನಿಜ ಅಂತ ಇಟ್ಟುಕೊಂಡು, ಅದರ ಮುಂದಿನದಕ್ಕೂ ನಿಜ ಅಂತ ತೋರಿಸಬೇಕು. ಮುಂದಿನ ಸಂಖ್ಯೆಯನ್ನು ಬಿಡಿಸಿದರೆ ಎರಡು ತುಂಡು ಸಿಗುತ್ತವೆ. ಒಂದು ಈಗಿನ ಸಂಖ್ಯೆಯ ಎಂಟರಷ್ಟು, ಇನ್ನೊಂದು ಈಗಿನ ಮೂರರ ಘಾತದ ಐದರಷ್ಟು. 485 ಅಂದರೆ 55ರ ಎಂಟರಷ್ಟು 440, ಜೊತೆಗೆ 9ರ ಐದರಷ್ಟು 45. ಎರಡು ತುಂಡೂ 5ರಿಂದ ಭಾಗವಾಗುತ್ತವೆ. ನೋಡಿ, ಎಷ್ಟು ಚೆಂದ!

ಇಷ್ಟೆಲ್ಲ ಸರಿಯಾಗಿ ಬರೆದಿದ್ದೆ. ಆದರೂ ಆರಕ್ಕೆ ಐದೇ ಬಂದಿತ್ತು. ಟೀಚರ್ ಹತ್ತಿರ ಹೋಗಿ ಕೇಳಿದೆ. (ಅಲ್ಲಿ ಟೀಚರ್‌ಗಳನ್ನು ಹೆಸರು ಹಿಡಿದೇ ಕರೆಯಬೇಕು. ಅದು ನನ್ನ ಬಾಯಿಗೆ ಬರೋಕೆ ಕ್ರಿಸ್‌ಮಸ್ ರಜೆ ಕಳೆಯಬೇಕಾಯಿತು.) ಅವರು ಪುಟದ ಕೊನೆಯ ಖಾಲಿ ಜಾಗಕ್ಕೆ ಬೆರಳಿಟ್ಟು, "ಒಂದಕ್ಕೆ ನಿಜ ಅಂದೆ. ಯಾವುದೋ ಒಂದು ಎನ್‌ಗೆ ನಿಜ ಆದರೆ ಅದರ ಮುಂದಿನದಕ್ಕೂ ನಿಜ ಅಂದೆ. ಹಾಗಾದರೆ ಎಲ್ಲಕ್ಕೂ ನಿಜ ಅಂತ ಎಲ್ಲಿ ಹೇಳಿದ್ದೀಯ?" ಅಂದರು.

ಆ ಸಂಜೆ ಬಸ್ಸಿನಲ್ಲಿ ನಮ್ಮ ಊರಿನ ಮೇಷ್ಟ್ರು ನೆನಪಾದರು. ಥೇಲ್ಸನ ಪ್ರಮೇಯ ಬರೆಸುವಾಗ ಅವರದ್ದು ಒಂದೇ ಕ್ರಮ. ಮೊದಲು ಚಿತ್ರ. ಆಮೇಲೆ ದತ್ತ, ಸಾಧನೀಯ, ರಚನೆ, ಸಾಧನೆ. ಪ್ರತಿ ಸಾಲಿನ ಪಕ್ಕದಲ್ಲಿ ಕಾರಣ. ಕಾರಣ ಇಲ್ಲದ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಿದ್ದರು. ನಾನು ಅದನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿದ್ದೆ, ಅಷ್ಟೇ. ಮರುದಿನದಿಂದ ಇಂಡಕ್ಷನ್ ಪ್ರಶ್ನೆಗಳನ್ನೂ ಅದೇ ಕ್ರಮದಲ್ಲಿ ಬರೆಯತೊಡಗಿದೆ. ರಫ್ ಪುಸ್ತಕದಲ್ಲಿ ತಲೆಬರಹ ಕನ್ನಡದಲ್ಲೇ. ಏನು ಕೊಟ್ಟಿದ್ದಾರೆ, ಏನು ಸಾಧಿಸಬೇಕು ಅಂತ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತಿತ್ತು. ಆಮೇಲೆ ಕೊನೆಯ ಸಾಲು ಬಿಟ್ಟದ್ದಿಲ್ಲ.

ಕಾಂಪ್ಲೆಕ್ಸ್ ಸಂಖ್ಯೆಗಳು ಮಾತ್ರ ಬೇರೆಯದೇ ಸಂತೋಷ ಕೊಟ್ಟವು. ಮೈನಸ್ ಒಂದರ ವರ್ಗಮೂಲ ಅಂದರೆ ಏನೋ ಕಣ್ಕಟ್ಟು ಅಂದುಕೊಂಡಿದ್ದೆ. ಟೀಚರ್ ಬೋರ್ಡಿನ ಮೇಲೆ ಎರಡು ಅಕ್ಷ ಎಳೆದು ಒಂದು ಬಾಣ ಹಾಕಿದರು. ಆ ವರ್ಗಮೂಲಕ್ಕೆ ಐ ಅಂತ ಹೆಸರು. ಐಯಿಂದ ಗುಣಿಸಿದರೆ ಬಾಣ ಕಾಲು ಸುತ್ತು ತಿರುಗುತ್ತದೆ. ಇನ್ನೊಮ್ಮೆ ಗುಣಿಸಿದರೆ ಅರ್ಧ ಸುತ್ತು, ಅಂದರೆ ಮೈನಸ್ ಒಂದು. ಎರಡು ವಾರ ಬಿಟ್ಟು ಮ್ಯಾಟ್ರಿಕ್ಸ್ ಪಾಠ. ಮೇಲಿನ ಸಾಲಿನಲ್ಲಿ 0, -1. ಕೆಳಗೆ 1, 0. ಇದು ಸಮತಲವನ್ನು 90 ಡಿಗ್ರಿ ತಿರುಗಿಸುವ ಮ್ಯಾಟ್ರಿಕ್ಸ್. ಅದನ್ನು ಅದರಿಂದಲೇ ಗುಣಿಸಿ ನೋಡಿದೆ. ಐಡೆಂಟಿಟಿ ಮ್ಯಾಟ್ರಿಕ್ಸ್, ಅಂದರೆ ಮ್ಯಾಟ್ರಿಕ್ಸ್‌ಗಳಲ್ಲಿ ಒಂದರ ಹಾಗೆ ಇರುವುದು, ಮೈನಸ್ ಚಿಹ್ನೆಯೊಂದಿಗೆ ಬಂತು. ಅರೆ, ಇದು ಅದೇ ಐ! ವೇಷ ಮಾತ್ರ ಬೇರೆ. ಆ ದಿನ ಲೈಬ್ರರಿಯಲ್ಲಿ ಒಬ್ಬನೇ ಕೂತು ಮತ್ತೆ ಮತ್ತೆ ಗುಣಿಸಿದೆ. ನಾಲ್ಕು ಸಲಕ್ಕೆ ಹೊರಟ ಜಾಗಕ್ಕೇ ವಾಪಸ್.

ಆಯ್ಕೆಯ ಪತ್ರಿಕೆಗಳಲ್ಲಿ ಡಿಸಿಷನ್ ಮ್ಯಾಥ್ಸ್ ನನಗೆ ಅಷ್ಟು ಹಿಡಿಸಲಿಲ್ಲ. ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ವಿಧಾನವನ್ನು ಕೈಯಲ್ಲಿ ಮಾಡೋದು ಅಂದರೆ ಬರೀ ಎಚ್ಚರಿಕೆಯ ಕೆಲಸ. ಫರ್ದರ್ ಮೆಕ್ಯಾನಿಕ್ಸ್ ಹಾಗಲ್ಲ, ಅದು ನಮ್ಮ ಕ್ಯಾರಂ ಬೋರ್ಡೇ. ಸ್ಟ್ರೈಕರ್ ಓರೆಯಾಗಿ ಅಂಚಿಗೆ ಬಡಿದಾಗ, ಅಂಚಿನುದ್ದಕ್ಕೂ ಇರುವ ವೇಗ ಬದಲಾಗಲ್ಲ ಅಂತ ಇಟ್ಟುಕೊಳ್ಳುತ್ತೇವೆ. ಅಂಚಿಗೆ ಲಂಬವಾಗಿ ಇರುವ ವೇಗ ಮಾತ್ರ ಒಂದಕ್ಕಿಂತ ಕಡಿಮೆಯ ಒಂದು ಸಂಖ್ಯೆಯಿಂದ ಗುಣಿಸಿದಷ್ಟಕ್ಕೆ ತಗ್ಗುತ್ತದೆ. ಹಾಗಾಗಿ ಅದು ಹೋದ ಕೋನದಲ್ಲೇ ವಾಪಸ್ ಬರಲ್ಲ, ಅಂಚಿಗೆ ಇನ್ನಷ್ಟು ವಾಲಿಕೊಂಡು ಬರುತ್ತದೆ. ಅಜ್ಜನ ಮನೆ ಜಗಲಿಯಲ್ಲಿ ಇದು ಎಷ್ಟೋ ಸಲ ಕೈಗೆ ಗೊತ್ತಾಗಿತ್ತು. ಸಮೀಕರಣ ಸಿಕ್ಕಿದ್ದು ಇಲ್ಲಿ.

ಕಷ್ಟ ಇರಲಿಲ್ಲ ಅಂತಲ್ಲ. ನಮ್ಮ ಕಾಲೇಜಿನಲ್ಲಿ ಗಣಿತವನ್ನೂ ಫರ್ದರನ್ನೂ ಒಟ್ಟೊಟ್ಟಿಗೆ ಕಲಿಸುತ್ತಿದ್ದರು. ಗಣಿತದಲ್ಲಿ ಇಂಟಿಗ್ರೇಷನ್ ಸರಿಯಾಗಿ ಕೂರುವ ಮೊದಲೇ ಫರ್ದರ್‌ನಲ್ಲಿ ಅದನ್ನು ಬಳಸಿ ಘನಫಲ ಲೆಕ್ಕ ಹಾಕಬೇಕಾಯಿತು. ಆ ಫೆಬ್ರವರಿ ಪೂರ್ತಿ ರಾತ್ರಿ ಅದೇ ಕೆಲಸ.

ನನಗೆ ಜಾಸ್ತಿ ಸಹಾಯ ಮಾಡಿದ್ದು ಹಳೆಯ ಪ್ರಶ್ನೆಪತ್ರಿಕೆಗಿಂತ ಅವುಗಳ ಜೊತೆ ಬರುವ ಮಾರ್ಕ್ ಸ್ಕೀಮ್. ವಿಧಾನಕ್ಕೆ ಎಷ್ಟು, ನಿಖರ ಉತ್ತರಕ್ಕೆ ಎಷ್ಟು ಅಂತ ಸಾಲು ಸಾಲಾಗಿ ಇರುತ್ತದೆ. ಸುಮ್ನೆ ಉತ್ತರ ತಾಳೆ ನೋಡಬೇಡಿ. ಒಂದು ಪತ್ರಿಕೆ ಬರೆದು, ಬೇರೆ ಬಣ್ಣದ ಪೆನ್ನಿನಿಂದ ನಿಮ್ಮ ಉತ್ತರಕ್ಕೆ ನೀವೇ ಅಂಕ ಹಾಕಿ. ಯಾವ ಸಾಲು ಬಿಟ್ಟೆ ಅನ್ನೋದು ಕಣ್ಣಿಗೆ ಹೊಡೆಯುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಅಲ್ಲಿಗೆ ಹೋಗುವವರು ಬೀಜಗಣಿತವನ್ನು, ಅದರಲ್ಲೂ ಅಪವರ್ತಿಸುವುದನ್ನು, ರಜೆಯಲ್ಲೇ ಗಟ್ಟಿ ಮಾಡಿಕೊಳ್ಳಿ. ಅಲ್ಲಿ ಅದನ್ನು ಮತ್ತೆ ಕಲಿಸುತ್ತಾ ಕೂರುವುದಿಲ್ಲ.

ಫಲಿತಾಂಶ ಬಂದದ್ದು 2024ರ ಆಗಸ್ಟ್ 15, ಗುರುವಾರ. ಅಮ್ಮ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗದೇ ಕಾಯುತ್ತಿದ್ದರು. ಗಣಿತದಲ್ಲಿ ಎ ಸ್ಟಾರ್, ಅಂದರೆ ಎಲ್ಲಕ್ಕಿಂತ ಮೇಲಿನ ಗ್ರೇಡ್. ಫರ್ದರ್‌ನಲ್ಲಿ ಅದರ ಕೆಳಗಿನ ಎ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಶಾಲೆಯಲ್ಲಿ ಧ್ವಜಾರೋಹಣ ಮುಗಿದಿತ್ತು. ಮೇಷ್ಟ್ರು ಕೇಳಿದ್ದು ಅಂಕವನ್ನಲ್ಲ. "ಏನೇನು ಪ್ರಮೇಯ ಬಂದಿತ್ತಪ್ಪಾ?" ಅಂದರು. ಒಂದು ಹಾಳೆ ತಗೊಂಡು, ದತ್ತ, ಸಾಧನೀಯ ಅಂತ ಬರೆದು, ಎಂಟು ಮೂರರ ಆ ಲೆಕ್ಕವನ್ನು ಫೋನಿನ ಮುಂದೆ ಹಿಡಿದು ಅವರಿಗೆ ವಿವರಿಸತೊಡಗಿದೆ.