ಒಣಗಿದ ಕಡಲು, ಮೂರು ನ್ಯಾಷನಲ್ ಪಾರ್ಕ್: ಗಂಡ ಹೆಂಡತಿ ಇಬ್ಬರೇ ಹೊರಡುವವರಿಗೆ

ಟೆಕ್ಸಸ್‌ನಲ್ಲಿರುವ ನಮ್ಮವರು ನಾಲ್ಕು ದಿನ ರಜೆ ಸಿಕ್ಕರೆ ಕೊಲರಾಡೊ ಅಂತಾರೆ, ಇಲ್ಲಾಂದ್ರೆ ಗ್ರ್ಯಾಂಡ್ ಕ್ಯಾನ್ಯನ್ ಅಂತಾರೆ. ಇಬ್ಬರೇ ಹೊರಡುವುದಾದರೆ ನಾನು ಹೇಳುವುದು ಎಲ್ ಪಾಸೊ ಸುತ್ತಿನ ದಾರಿ. ನ್ಯೂ ಮೆಕ್ಸಿಕೊದಲ್ಲಿ ಬಿಳಿ ಮರಳು ದಿಬ್ಬಗಳ ವೈಟ್ ಸ್ಯಾಂಡ್ಸ್, ಗುಹೆಗಳ ಕಾರ್ಲ್ಸ್‌ಬ್ಯಾಡ್ ಕ್ಯಾವರ್ನ್ಸ್, ಟೆಕ್ಸಸ್‌ನಲ್ಲಿ ಗ್ವಾಡಲೂಪ್ ಮೌಂಟನ್ಸ್ ಬೆಟ್ಟಗಳು. ಮೂರೂ ಚಿವಾವನ್ ಮರುಭೂಮಿಯಲ್ಲೇ ಇವೆ. ಒಂದರಿಂದ ಇನ್ನೊಂದಕ್ಕೆ ಅರ್ಧ ದಿನದ ಡ್ರೈವಿಂಗ್ ಕೂಡ ಇಲ್ಲ. ಡಲ್ಲಾಸ್‌ನಿಂದ ಎಲ್ ಪಾಸೊಗೆ ವಿಮಾನದಲ್ಲಿ ಹೋಗಿ, ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡರೆ ಸಾಕು.

ಮರುಭೂಮಿಯಲ್ಲಿ ಟೈಮ್‌ಟೇಬಲ್ ಹಾಕುವುದು ನಾವಲ್ಲ, ಸೂರ್ಯ. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಗುಹೆ, ಸಂಜೆ ಮರಳು. ಇದಿಷ್ಟನ್ನು ಹಿಡಿದುಕೊಂಡರೆ ಉಳಿದ ಪ್ಲ್ಯಾನ್ ತಾನಾಗಿಯೇ ಕೂಡಿ ಬರುತ್ತದೆ.

ಯಾವಾಗ ಹೋಗಬೇಕು? ಅಕ್ಟೋಬರ್ ಮಧ್ಯಭಾಗ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಬೇಸಿಗೆಯಲ್ಲಿ ಮರಳಿನ ಮೇಲೆ ನಡೆಯುವುದು ಜೀವಕ್ಕೇ ಅಪಾಯ. ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಜಾಸ್ತಿ. ಕಾರಿನ ಬಾಗಿಲು ತೆಗೆಯಲೂ ಹೆದರಿಕೆಯಾಗುವಂಥ ಗಾಳಿ. ಅಕ್ಟೋಬರ್‌ನಲ್ಲಾದರೆ ಬಿಸಿಲು ಇಳಿದಿರುತ್ತದೆ, ಕಾರ್ಲ್ಸ್‌ಬ್ಯಾಡ್‌ನ ಬಾವಲಿಗಳು ಸಾಮಾನ್ಯವಾಗಿ ಇನ್ನೂ ಮೆಕ್ಸಿಕೊ ಕಡೆಗೆ ಹೊರಟಿರುವುದಿಲ್ಲ.

ಮೊದಲ ದಿನ ಮಧ್ಯಾಹ್ನದೊಳಗೆ ಎಲ್ ಪಾಸೊ ತಲುಪಿ. ಅಲ್ಲಿಂದ ವೈಟ್ ಸ್ಯಾಂಡ್ಸ್‌ಗೆ ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು. ಹೊರಡುವ ಮೊದಲು ಪಾರ್ಕಿನ ವೆಬ್‌ಸೈಟ್ ನೋಡಲೇಬೇಕು. ಪಕ್ಕದಲ್ಲೇ ಮಿಲಿಟರಿಯವರ ಕ್ಷಿಪಣಿ ಪರೀಕ್ಷಾ ಕೇಂದ್ರವಿದೆ. ಪರೀಕ್ಷೆ ನಡೆಯುವಾಗ ಹೈವೇ 70 ಅನ್ನೂ, ಪಾರ್ಕಿನ ಒಳಗಿನ ರಸ್ತೆಯನ್ನೂ ಕೆಲವು ಗಂಟೆ ಮುಚ್ಚುತ್ತಾರೆ. ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ 1945ರ ಜುಲೈ 16ರಂದು ನಡೆದ ಜಾಗವೂ ಇದೇ ಕೇಂದ್ರದ ಉತ್ತರದ ತುದಿಯಲ್ಲಿದೆ.

ಒಳಗೆ ಹೋದ ಮೇಲೆ ಕುಡಿಯುವ ನೀರು ವಿಸಿಟರ್ ಸೆಂಟರ್‌ನಲ್ಲಿ ಮಾತ್ರ. ದಿನಕ್ಕೆ ಒಬ್ಬರಿಗೆ ಒಂದು ಗ್ಯಾಲನ್, ಅಂದರೆ 3.8 ಲೀಟರ್ ಲೆಕ್ಕ. ಇಷ್ಟು ಬೇಕಾ ಅನ್ನಿಸುತ್ತದೆ, ಬೇಕು. ಮರುಭೂಮಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಅಷ್ಟರಲ್ಲೇ ಒಣಗಿ ಹೋಗಿರುತ್ತದೆ. ನಾನು ಒಂದು ಬಾಟಲಿಗೆ ನಿಂಬೆರಸ, ಬೆಲ್ಲ, ಚಿಟಿಕೆ ಉಪ್ಪು ಹಾಕಿ ಪಾನಕ ಮಾಡಿಟ್ಟುಕೊಳ್ಳುತ್ತೇನೆ. ಗಿಫ್ಟ್ ಶಾಪ್‌ನಲ್ಲಿ ಮರಳಿನ ಮೇಲೆ ಜಾರುವ ಪ್ಲಾಸ್ಟಿಕ್ ತಟ್ಟೆ ಮಾರುತ್ತಾರೆ. ಜೊತೆಗೆ ಮೇಣವನ್ನೂ ಕೊಳ್ಳಿ. ತಳಕ್ಕೆ ಮೇಣ ತಿಕ್ಕದಿದ್ದರೆ ತಟ್ಟೆ ಅರ್ಧದಲ್ಲೇ ನಿಲ್ಲುತ್ತದೆ. ಮಕ್ಕಳಾಟ ಅಂದುಕೊಳ್ಳಬೇಡಿ, ನಮ್ಮ ಯಜಮಾನರನ್ನು ದಿಬ್ಬದಿಂದ ಇಳಿಸುವಷ್ಟರಲ್ಲಿ ನನಗೆ ಸಾಕಾಗಿತ್ತು.

ಒಳಗಿನ ರಸ್ತೆ ಎಂಟು ಮೈಲಿ. ಕೊನೆಯವರೆಗೂ ಹೋಗಿ. ಮುಂದೆ ಹೋದಂತೆ ಗಿಡಗಂಟಿ ಕಡಿಮೆಯಾಗಿ ಬರೀ ಬಿಳುಪು ಉಳಿಯುತ್ತದೆ. ಅಲ್ಲಿ ಚಪ್ಪಲಿ ಬಿಟ್ಟು ನಡೆಯಿರಿ. ಮರಳು ಕಾಲಿಗೆ ಸುಡುವುದಿಲ್ಲ, ಸಂಜೆ ಹೊತ್ತಿಗೆ ತಣ್ಣಗಿರುತ್ತದೆ. ಒಂದು ಹಿಡಿ ಎತ್ತಿ ಬೆರಳಲ್ಲಿ ಉಜ್ಜಿ ನೋಡಿ, ಮೆತ್ತಗೆ ಪುಡಿಯಾಗುತ್ತದೆ. ಇದು ಸಮುದ್ರ ತೀರದ ಮರಳಲ್ಲ, ಜಿಪ್ಸಂ. ಗಣಪತಿ ಮೂರ್ತಿಗೆ ಬಳಸುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾಡುವುದು ಇದನ್ನೇ ಕಾಯಿಸಿ. ಜಿಪ್ಸಂ ನೀರಿನಲ್ಲಿ ಕರಗುತ್ತದೆ, ಸಾಮಾನ್ಯವಾಗಿ ನದಿಗಳು ಅದನ್ನು ಸಮುದ್ರಕ್ಕೆ ಒಯ್ದುಬಿಡುತ್ತವೆ. ಈ ಬಟ್ಟಲಿನಂಥ ಕಣಿವೆಯಿಂದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಬೆಟ್ಟದಿಂದ ಕರಗಿ ಬಂದದ್ದು ತಗ್ಗಿನಲ್ಲಿ ನಿಂತು, ನೀರು ಆರಿ ಹರಳಾಗುತ್ತದೆ. ಹರಳು ಒಡೆದು ಪುಡಿಯಾಗುತ್ತದೆ, ಗಾಳಿ ಅದನ್ನು ಹೊತ್ತು ದಿಬ್ಬ ಕಟ್ಟುತ್ತದೆ. ಹೀಗೆ 275 ಚದರ ಮೈಲಿ. ಇಂಥ ದಿಬ್ಬಗಳು ಜಗತ್ತಿನಲ್ಲಿ ಇಷ್ಟು ದೊಡ್ಡದಾಗಿ ಬೇರೆಲ್ಲೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ದಿಬ್ಬಗಳ ನಡುವೆ ಎಲ್ಲ ದಿಕ್ಕೂ ಒಂದೇ ಥರ ಕಾಣುತ್ತದೆ. ಹತ್ತು ನಿಮಿಷ ನಡೆದರೆ ಕಾರು ಮರೆಯಾಗುತ್ತದೆ. ಗಾಳಿ ಬೀಸಿದರೆ ನಿಮ್ಮ ಹೆಜ್ಜೆ ಗುರುತೂ ಉಳಿಯುವುದಿಲ್ಲ. ಆಲ್ಕಲೈ ಫ್ಲ್ಯಾಟ್ ಅನ್ನುವ ಐದು ಮೈಲಿಯ ದಾರಿಯನ್ನು ಬೆಳಗಿನ ತಂಪಿನಲ್ಲಲ್ಲದೆ ಹಿಡಿಯಬೇಡಿ. 85 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನಡಿಗೆ ಶುರು ಮಾಡಲೇಬೇಡಿ ಅಂತ ಪಾರ್ಕಿನವರೇ ಹೇಳುತ್ತಾರೆ. ಒಂದು ಗುರುತು ಕಂಬ ಕಂಡ ಮೇಲೆ ಮುಂದಿನ ಕಂಬ ಕಾಣದಿದ್ದರೆ ವಾಪಸ್ ಬನ್ನಿ. ಮತ್ತೆ, ಇಬ್ಬರೂ ಜೊತೆಯಲ್ಲೇ ಇರಿ. ಒಬ್ಬರು ಫೋಟೊಗೆ ಅಂತ ಆ ಕಡೆ, ಇನ್ನೊಬ್ಬರು ಈ ಕಡೆ ಹೋಗುವುದು ಬೇಡ.

ರಾತ್ರಿ ಹತ್ತಿರದ ಊರು ಅಲಮೊಗೊರ್ಡೊದಲ್ಲಿ ಉಳಿಯಿರಿ. ಮರುದಿನ ಹೈವೇ 82 ಹಿಡಿದು ಪೂರ್ವಕ್ಕೆ ಹೊರಡಿ. ಪಿಸ್ತಾ ತೋಟಗಳ ಈ ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಸೇಬು, ಚೆರ್ರಿ ಬೆಳೆಯುವ ಹೈ ರೋಲ್ಸ್, ಆಮೇಲೆ 8,600 ಅಡಿ ಎತ್ತರದ ಕ್ಲೌಡ್‌ಕ್ರಾಫ್ಟ್. ಸುರಂಗದ ಹತ್ತಿರ ಗಾಡಿ ನಿಲ್ಲಿಸಲು ಜಾಗವಿದೆ, ತಿರುಗಿ ನೋಡಿದರೆ ನಿನ್ನೆ ನಡೆದ ಮರಳು ದೂರದಲ್ಲಿ ಬಿಳಿ ಗೆರೆಯಾಗಿ ಕಾಣುತ್ತದೆ. ಕ್ಲೌಡ್‌ಕ್ರಾಫ್ಟ್ ದಾಟಿದರೆ ಇಳಿಜಾರು. ಆರ್ಟೀಸಿಯಾದಿಂದ ಕಾರ್ಲ್ಸ್‌ಬ್ಯಾಡ್‌ವರೆಗೆ ತೈಲ ಬಾವಿಗಳ ಸೀಮೆ, ದೊಡ್ಡ ಟ್ರಕ್‌ಗಳ ಓಡಾಟ ಜೋರು. ಅಲ್ಲಿ ಓವರ್‌ಟೇಕ್ ಮಾಡುವ ಆತುರ ಬೇಡ. ಕಾರ್ಲ್ಸ್‌ಬ್ಯಾಡ್ ಊರಿನ ಹೋಟೆಲ್‌ಗಳನ್ನು ಬೇಗ ಬುಕ್ ಮಾಡಿ. ತೈಲದ ಕೆಲಸಗಾರರು ಬಂದು ಉಳಿಯುವುದರಿಂದ ವಾರದ ದಿನಗಳಲ್ಲೇ ಬಾಡಿಗೆ ಜಾಸ್ತಿ.

ಊಟದ ವಿಷಯ. ನಾವು ಸಸ್ಯಾಹಾರಿಗಳು. ನ್ಯೂ ಮೆಕ್ಸಿಕೊ ಹೋಟೆಲ್‌ಗಳಲ್ಲಿ ಹಸಿಮೆಣಸಿನ ಸಾಸ್ ಹಾಕಿದ ಚೀಸ್ ಎಂಚಿಲಾಡಾ ನಮ್ಮ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ. ಆದರೆ ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ, ಸಾಸ್‌ನಲ್ಲಿ ಮಾಂಸ ಇದೆಯಾ ಅಂತ ಕೇಳಿಯೇ ತಿನ್ನಿ. ಪಾರ್ಕುಗಳ ನಡುವೆ ತಿನ್ನಲು ಏನೂ ಸಿಗದ ದಾರಿ ಉದ್ದಕ್ಕಿದೆ. ಗೊಜ್ಜವಲಕ್ಕಿ, ಚಪಾತಿ, ಚಟ್ನಿಪುಡಿ ಜೊತೆಗಿರಲಿ. ಪುಳಿಯೋಗರೆ ಗೊಜ್ಜು ಒಂದು ಡಬ್ಬಿ, ಚಿಕ್ಕ ರೈಸ್ ಕುಕ್ಕರ್ ಒಂದು ಇದ್ದರೆ ರಾತ್ರಿ ಊಟದ ಚಿಂತೆಯಿಲ್ಲ.

ಆ ಸಂಜೆ ಬಾವಲಿ ನೋಡಲು ನೇರ ಗುಹೆಯ ಬಾಯಿಗೆ ಹೋಗಿ. ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ದಿನವೂ ಸಂಜೆ ರೇಂಜರ್ ಮಾತಾಡುತ್ತಾರೆ. ಟಿಕೆಟ್ ಇಲ್ಲ. ಮೊಬೈಲ್, ಕ್ಯಾಮೆರಾ ಏನೂ ಹೊರಗೆ ತೆಗೆಯುವಂತಿಲ್ಲ, ಬಾವಲಿಗಳಿಗೆ ತೊಂದರೆಯಾಗುತ್ತದೆ. ಕಲ್ಲಿನ ಮೆಟ್ಟಿಲ ಮೇಲೆ ಸುಮ್ನೆ ಕೂತಿರಬೇಕು. ಮೊದಲು ಒಂದೆರಡು, ಆಮೇಲೆ ಸುರುಳಿ ಸುತ್ತುತ್ತಾ ರಾಶಿ ರಾಶಿ. ಹತ್ತಿರ ಕೂತವರಿಗೆ ರೆಕ್ಕೆಯ ಸಣ್ಣ ಸದ್ದು ಕೇಳುತ್ತದೆ, ಘಾಟು ವಾಸನೆಯೂ ಬರುತ್ತದೆ. ಫೋನ್ ಇಲ್ಲದೆ ಅಷ್ಟು ಹೊತ್ತು ಪಕ್ಕಪಕ್ಕ ಕೂರುವುದೇ ಎಷ್ಟು ಅಪರೂಪ, ಅಲ್ವಾ?

ಗುಹೆಗೆ ಮರುದಿನ. ಪ್ರವೇಶದ ಸಮಯವನ್ನು ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು, ಅದಕ್ಕೆ ತಲೆಗೆ ಒಂದು ಡಾಲರ್. ಪ್ರವೇಶ ಶುಲ್ಕ ಬೇರೆ. ವಾರ್ಷಿಕ ಪಾಸ್ ಇದ್ದರೆ ಆ ಶುಲ್ಕ ಇಬ್ಬರಿಗೂ ಬೇಡ. ಒಳಗೆ ವರ್ಷವಿಡೀ ಸುಮಾರು 56 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 13 ಸೆಲ್ಸಿಯಸ್. ಸ್ವೆಟರ್ ಬೇಕು, ಜಾರದ ಶೂ ಬೇಕು. ಬೇರೆ ಗುಹೆಗೆ ಹಾಕಿಕೊಂಡು ಹೋಗಿದ್ದ ಶೂ ಬೇಡ. ಬಾವಲಿಗಳನ್ನು ಕೊಲ್ಲುವ ಶಿಲೀಂಧ್ರ ಅದರ ಮೂಲಕ ಬರಬಹುದು. ಒಳಗೆ ನಡೆಯುತ್ತಾ ತಿನ್ನುವಂತಿಲ್ಲ, ಬರೀ ನೀರು ಕುಡಿಯಬಹುದು.

ಲಿಫ್ಟ್‌ನಲ್ಲಿ ಇಳಿಯುವವರೇ ಜಾಸ್ತಿ. ಮಂಡಿ ಚೆನ್ನಾಗಿದ್ದರೆ ದಯವಿಟ್ಟು ನಡೆದೇ ಇಳಿಯಿರಿ, ಬರುವಾಗ ಲಿಫ್ಟ್ ಹತ್ತಿ. ಒಂದೂಕಾಲು ಮೈಲಿ ದಾರಿ, ಸುಮಾರು 750 ಅಡಿ ಆಳ, ಒಂದು ಗಂಟೆ ಹಿಡಿಯುತ್ತದೆ. ಬಿಸಿಲು ತಿರುವಿನಿಂದ ತಿರುವಿಗೆ ಮಂಕಾಗಿ, ಕೊನೆಗೆ ಇಲ್ಲವಾಗುತ್ತದೆ. ತಲೆ ಎತ್ತಿದರೆ ಬಂದ ದಾರಿ ದೊಡ್ಡ ಕಪ್ಪು ಗೋಡೆಯ ಮೇಲೆ ಎಲ್ಲೋ ಕಾಣುತ್ತದೆ. ಕೈ ಹಿಡಿಕೆ ತಣ್ಣಗೆ ಒದ್ದೆಯಾಗಿರುತ್ತದೆ. ಪಿಸುಮಾತೂ ದೂರ ಹೋಗುತ್ತದೆ, ಜಗಳವಿದ್ದರೆ ಮೇಲೇ ಮುಗಿಸಿ ಬನ್ನಿ. ಕೆಳಗೆ ಬಿಗ್ ರೂಮ್ ಅನ್ನುವ ದೊಡ್ಡ ಕೋಣೆಯ ಸುತ್ತು ಇನ್ನೊಂದು ಒಂದೂಕಾಲು ಮೈಲಿ. ಅವಸರ ಬೇಡ, ಒಂದೂವರೆ ಗಂಟೆ ಕೊಡಿ.

ಈ ಗುಹೆಯನ್ನು ಕೊರೆದದ್ದು ನದಿಯಲ್ಲ. ನೆಲದಡಿಯ ತೈಲದಿಂದ ಎದ್ದ ಹೈಡ್ರೋಜನ್ ಸಲ್ಫೈಡ್ ಅನಿಲ ಅಂತರ್ಜಲಕ್ಕೆ ಸೇರಿ ಸಲ್ಫ್ಯೂರಿಕ್ ಆಮ್ಲವಾಯಿತು, ಅದು ಸುಣ್ಣದ ಕಲ್ಲನ್ನು ತಿಂದು ಹಾಕಿತು. ಆಗ ಉಳಿದ ಜಿಪ್ಸಂ ಗಟ್ಟಿಗಳು ಗುಹೆಯೊಳಗೆ ಈಗಲೂ ಇವೆ. ಆ ಸುಣ್ಣದ ಕಲ್ಲು ಸುಮಾರು 26.5 ಕೋಟಿ ವರ್ಷದ ಹಿಂದೆ ಕಡಲಂಚಿನಲ್ಲಿ ಸ್ಪಂಜು, ಪಾಚಿಗಳು ಕಟ್ಟಿದ ರೀಫ್, ಅಂದರೆ ನೀರಿನಡಿಯ ಕಲ್ಲುದಿಬ್ಬ. ಅದೇ ರೀಫ್ ಪಶ್ಚಿಮದಲ್ಲಿ ಮೇಲೆದ್ದು ಗ್ವಾಡಲೂಪ್ ಬೆಟ್ಟವಾಗಿದೆ. ಇವತ್ತು ಅದರ ಹೊಟ್ಟೆಯೊಳಗೆ ನಡೆದವರು ನಾಳೆ ಅದರ ನೆತ್ತಿಯ ಮೇಲಿರುತ್ತೀರಿ. ವೈಟ್ ಸ್ಯಾಂಡ್ಸ್‌ನ ಜಿಪ್ಸಂ ಕೂಡ ಹಳೆಯ ಕಡಲು ಒಣಗಿ ಉಳಿದದ್ದೇ. ನಾನು ಈ ಮೂರು ಪಾರ್ಕುಗಳನ್ನು ಬಿಡಿಸಿ ನೋಡಬೇಡಿ ಅನ್ನುವುದು ಇದಕ್ಕೇ.

ಕೊನೆಯ ದಿನ ಕತ್ತಲಿರುವಾಗಲೇ ಎದ್ದು ಗ್ವಾಡಲೂಪ್‌ಗೆ ಹೊರಡಿ. ಊರಲ್ಲೇ ಟ್ಯಾಂಕ್ ತುಂಬಿಸಿ. ಪಾರ್ಕಿನಲ್ಲಿ ಪೆಟ್ರೋಲೂ ಇಲ್ಲ, ಊಟವೂ ಇಲ್ಲ. ಗ್ವಾಡಲೂಪ್ ಪೀಕ್ 8,751 ಅಡಿ, ಟೆಕ್ಸಸ್‌ನ ಅತಿ ಎತ್ತರದ ಜಾಗ. ಹೋಗಿ ಬರಲು ಎಂಟೂವರೆ ಮೈಲಿ, 3,000 ಅಡಿ ಏರು, ಆರರಿಂದ ಎಂಟು ಗಂಟೆ. ಇಬ್ಬರಲ್ಲಿ ಒಬ್ಬರಿಗೆ ಬೇಡವೆನಿಸಿದರೂ ಬೇಡ. ಬದಲಿಗೆ ಡೆವಿಲ್ಸ್ ಹಾಲ್ ಅನ್ನುವ ಕಣಿವೆಗೆ ಹೋಗಿ. ಹೋಗಿ ಬರಲು ನಾಲ್ಕು ಮೈಲಿಗಿಂತ ಕಡಿಮೆ, ಒಣ ಹಳ್ಳದ ಬಂಡೆಗಳ ಮೇಲೆ ದಾಟಿಕೊಂಡು ಹೋದರೆ ಕೊನೆಯಲ್ಲಿ ಪ್ರಕೃತಿಯೇ ಕಡಿದ ಮೆಟ್ಟಿಲು. ನನಗೆ ಶಿಖರಕ್ಕಿಂತ ಇದೇ ಹೆಚ್ಚು ಇಷ್ಟ. ಅಕ್ಟೋಬರ್ ಕೊನೆಗೆ ಹೋಗುವವರು ಮೆಕ್‌ಕಿಟ್ರಿಕ್ ಕಣಿವೆಯ ಮೇಪಲ್ ಮರಗಳ ಕೆಂಪು ನೋಡಬೇಕು. ಆ ಗೇಟಿಗೆ ಸಂಜೆ ಬೀಗ ಬೀಳುತ್ತದೆ, ಸಮಯ ಕೇಳಿಕೊಂಡು ಒಳಗೆ ಹೋಗಿ.

ವೀಸಾದ ಮೇಲಿರುವವರಿಗೆ ಒಂದು ಮಾತು. ಗಡಿ ಹತ್ತಿರವಾದ್ದರಿಂದ ಹೈವೇಗಳಲ್ಲಿ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾವಲು ಪಡೆ) ಚೆಕ್‌ಪಾಯಿಂಟ್‌ಗಳಿವೆ. ಇಬ್ಬರ ಪಾಸ್‌ಪೋರ್ಟ್, ಐ-94 ಅಥವಾ ಗ್ರೀನ್ ಕಾರ್ಡ್ ಸೂಟ್‌ಕೇಸ್‌ನಲ್ಲಿ ಅಲ್ಲ, ಕೈಗೆ ಸಿಗುವಲ್ಲಿರಲಿ. ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಸಿಗ್ನಲ್ ಇಲ್ಲದ ದಾರಿ ಬಹಳ.

ಗ್ವಾಡಲೂಪ್‌ನಿಂದ ಎಲ್ ಪಾಸೊಗೆ 110 ಮೈಲಿ. ಈ ಮೂರೂ ಪಾರ್ಕು, ಎಲ್ ಪಾಸೊ, ಎಲ್ಲಾ ಮೌಂಟನ್ ಟೈಮ್‌ನಲ್ಲಿವೆ. ಗ್ವಾಡಲೂಪ್ ಹತ್ತಿರ ಫೋನು ಇದ್ದಕ್ಕಿದ್ದಂತೆ ಸೆಂಟ್ರಲ್ ಟೈಮ್ ತೋರಿಸಬಹುದು, ಅದನ್ನು ನಂಬಬೇಡಿ. ವಾಪಸ್ ಬರಲು ಸಂಜೆಯ ಕೊನೆಯ ಫ್ಲೈಟೇ ಇರಲಿ. ಡಲ್ಲಾಸ್‌ನಲ್ಲಿ ಇಳಿಯುವಾಗ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಹಾಗಾಗಿ ಮರುದಿನ ಆಫೀಸಿಗೆ ಸ್ವಲ್ಪ ತಡವಾಗಿ ಬರುತ್ತೇನೆ ಅಂತ ಮೊದಲೇ ಹೇಳಿಟ್ಟಿರಿ.